ಮೇರಿ ಕ್ಯೂರಿ ಫೆಲೋಶಿಪ್: ಫೋಟಾನಿಕ್ಸ್‌ನವರಿಗೆ ದಕ್ಕುವುದೆಷ್ಟು, ಸೋರುವುದೆಷ್ಟು

ಲೇಸರ್, ಆಪ್ಟಿಕಲ್ ಫೈಬರ್, ಸಿಲಿಕಾನ್ ಫೋಟಾನಿಕ್ಸ್ ಚಿಪ್ಪುಗಳ ಮೇಲೆ ಪಿಎಚ್‌ಡಿ ಮುಗಿಸಿದವರು ಯುರೋಪಿನ ಕಡೆ ಕಣ್ಣು ಹಾಯಿಸಿದಾಗ ಮೊದಲು ಕಿವಿಗೆ ಬೀಳುವ ಹೆಸರು ಮೇರಿ ಸ್ಕ್ಲೊಡೊವ್‌ಸ್ಕಾ ಕ್ಯೂರಿ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್. ಐರೋಪ್ಯ ಒಕ್ಕೂಟದ ಹೊರೈಜನ್ ಯುರೋಪ್ ಯೋಜನೆಯಡಿ ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತಾರೆ. ಇದರ ಯುರೋಪಿಯನ್ ವಿಭಾಗಕ್ಕೆ ಯಾವ ದೇಶದವರಾದರೂ ಹಾಕಬಹುದು, ಅವಧಿ 12ರಿಂದ 24 ತಿಂಗಳು. ಗ್ಲೋಬಲ್ ಅನ್ನುವ ಇನ್ನೊಂದು ವಿಭಾಗ ಯುರೋಪಿನ ಪ್ರಜೆಗಳಿಗೆ ಮತ್ತು ಅಲ್ಲಿ ದೀರ್ಘಕಾಲ ನೆಲೆಸಿದವರಿಗೆ ಮಾತ್ರ. ಹಾಗಾಗಿ ಇಲ್ಲಿಂದ ಹೊರಡುವವರು ಅದರ ಗೊಡವೆಗೆ ಹೋಗಬೇಕಿಲ್ಲ. ಈ ವಿಮರ್ಶೆ 2025ರ ಕರೆಯ ನಿಯಮಗಳ ಮೇಲೆ ನಿಂತಿದೆ. ವರ್ಷದಿಂದ ವರ್ಷಕ್ಕೆ ಅಲ್ಲಲ್ಲಿ ತಿದ್ದುತ್ತಿರುತ್ತಾರೆ, ಹಾಕುವ ವರ್ಷದ ಕೈಪಿಡಿಯನ್ನೇ ನಂಬಿ.

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹೆಸರು, ಸಂಬಳ, ಕಲಿಯುವ ಅವಕಾಶ ಈ ಮೂರರಲ್ಲೂ ಇದಕ್ಕೆ ಸಾಟಿಯಾದದ್ದು ಕಡಿಮೆ. ಆದರೆ ಇದನ್ನು ರಿಸರ್ಚ್ ಗ್ರಾಂಟ್ ಅಂದುಕೊಂಡು ಹೋದವರಿಗೆ ಎರಡು ಕಡೆ ಪೆಟ್ಟು ಬೀಳುತ್ತದೆ. ಅರ್ಜಿಯಲ್ಲಿ ಅಂಕ ಹೋಗುತ್ತದೆ, ಗೆದ್ದ ಮೇಲೆ ಉಪಕರಣಕ್ಕೆ ದುಡ್ಡು ಸಾಲುವುದಿಲ್ಲ. ಯುರೋಪಿನವರು ಇಲ್ಲಿ ದುಡ್ಡು ಹಾಕುವುದು ಮನುಷ್ಯನ ಮೇಲೆ. ಪ್ರಯೋಗ ಆ ಮನುಷ್ಯ ತಯಾರಾಗುವ ದಾರಿ, ಅಷ್ಟೆ.

ದುಡ್ಡಿನ ಲೆಕ್ಕ ಬಿಡಿಸಿ ನೋಡೋಣ, ಹೆಚ್ಚಿನ ಗೊಂದಲ ಅಲ್ಲೇ ಇರುವುದು. 2025ರ ಕರೆಯಲ್ಲಿ ತಿಂಗಳಿಗೆ ಜೀವನ ಭತ್ಯೆ 5,990 ಯೂರೋ, ಮೊಬಿಲಿಟಿ ಭತ್ಯೆ 710 ಯೂರೋ, ಸಂಸಾರಸ್ಥರಿಗೆ ಮೇಲೆ 660 ಯೂರೋ. ಜೀವನ ಭತ್ಯೆಗೆ ದೇಶವಾರು ಗುಣಾಂಕ ಉಂಟು. ಡೆನ್ಮಾರ್ಕ್, ಐರ್ಲೆಂಡ್‌ಗೆ ನೂರಕ್ಕಿಂತ ಮೇಲೆ, ಪೋರ್ಚುಗಲ್, ಪೋಲೆಂಡ್‌ಗೆ ಕೆಳಗೆ. ಮುಖ್ಯ ಸಂಗತಿ ಏನೆಂದರೆ ಈ ಮೊತ್ತವೆಲ್ಲ ನೀವು ಹೋಗಿ ಸೇರುವ ಸಂಸ್ಥೆಗೆ, ಅಂದರೆ ಹೋಸ್ಟ್‌ಗೆ, ಬರುವ ಹಣ. ಮಾಲೀಕರ ಪಾಲಿನ ಪಿಂಚಣಿ, ಆರೋಗ್ಯ ವಿಮೆ ಕಟ್ಟಬೇಕಾದ್ದೂ ಇದರಲ್ಲೇ. ಗುಣಾಂಕ 100 ಇರುವ ದೇಶ ಅಂತಿಟ್ಟುಕೊಳ್ಳಿ. 5,990ಕ್ಕೆ 710 ಕೂಡಿದರೆ 6,700. ಮಾಲೀಕರ ಪಾಲು ಸಂಬಳದ ಮೇಲೆ ಶೇ. 30 ಆದರೆ ಒಪ್ಪಂದದಲ್ಲಿ ಕಾಣುವ ಸಂಬಳ ಸುಮಾರು 5,150. ನೌಕರರ ಪಾಲು, ಆದಾಯ ತೆರಿಗೆ ಸೇರಿ ಅದರಲ್ಲಿ ಇನ್ನೊಂದು ಶೇ. 30 ಕಳೆದರೆ ಬ್ಯಾಂಕಿಗೆ ಬೀಳುವುದು 3,600ರ ಆಸುಪಾಸು. ಒಬ್ಬರಿಗೆ ಧಾರಾಳವಾಯಿತು. ಮನೆಯವರು, ಮಕ್ಕಳ ಸಮೇತ ದೊಡ್ಡ ಊರಿನಲ್ಲಿ ಬಾಡಿಗೆಗೆ ಇರುವವರಿಗೆ ಬಿಗಿಯಾಗುತ್ತದೆ. ಈ ಶೇಕಡಾವಾರು ದೇಶ ದೇಶಕ್ಕೆ ಬೇರೆ. ಅದಕ್ಕೇ ಹೋಸ್ಟ್ ಸಂಸ್ಥೆಯ ಎಚ್‌ಆರ್‌ಗೆ ಬರೆದು, ಕೈಗೆ ಬರುವ ಸಂಬಳದ ಅಂದಾಜನ್ನು ಮೊದಲೇ ತರಿಸಿಕೊಳ್ಳಬೇಕು. ಕೇಳಿದರೆ ತಪ್ಪು ತಿಳಿಯುವವರು ಅಲ್ಲಿ ಯಾರೂ ಇಲ್ಲ. ಮೂರೂ ಭತ್ಯೆಗಳನ್ನು ಸಂಸ್ಥೆ ಪೂರ್ತಿ ನಿಮ್ಮ ಮೇಲೇ ಖರ್ಚು ಮಾಡಬೇಕು ಅನ್ನುವುದು ನಿಯಮ. ಫೆಲೋಶಿಪ್ ನಡುವೆ ಮದುವೆಯಾದರೆ ಸಂಸಾರದ ಭತ್ಯೆಯನ್ನು ಆಗಲೂ ಕೇಳಬಹುದು, ಸಂಸಾರ ಜೊತೆಗೆ ಬಂದಿರಲೇಬೇಕು ಅಂತಿಲ್ಲ.

ಸಂಶೋಧನೆ, ತರಬೇತಿ, ಓಡಾಟಕ್ಕೆಂದು ತಿಂಗಳಿಗೆ 1,000 ಯೂರೋ ಬೇರೆ ಬರುತ್ತದೆ. ಎರಡು ವರ್ಷಕ್ಕೆ 24,000. ಫೋಟಾನಿಕ್ಸ್‌ನಲ್ಲಿ ಇದು ಏನಕ್ಕೆ ಸಾಕು? ಮ್ಯೂನಿಕ್‌ನಲ್ಲಿ ಬೆಸ ವರ್ಷಗಳಲ್ಲಿ ನಡೆಯುವ ಕ್ಲಿಯೋ ಯುರೋಪ್‌ನಂಥ ಸಮ್ಮೇಳನಗಳು, ಒಂದಷ್ಟು ಲೆನ್ಸು, ಮೌಂಟು, ಫೈಬರ್ ಪ್ಯಾಚ್‌ಕಾರ್ಡು, ಚಿಪ್ ಮಾಡುವ ಧೂಳಿಲ್ಲದ ಕೋಣೆಯ, ಅಂದರೆ ಕ್ಲೀನ್‌ರೂಮಿನ, ಕೆಲವು ಗಂಟೆಗಳು. ಫೆಮ್ಟೊಸೆಕೆಂಡ್ ಲೇಸರ್ ಕೊಳ್ಳುವ ಮಾತು ಬಿಡಿ, ಒಳ್ಳೆಯ ಆಪ್ಟಿಕಲ್ ಸ್ಪೆಕ್ಟ್ರಮ್ ಅನಲೈಸರ್ ಒಂದೇ ಇದನ್ನೆಲ್ಲ ನುಂಗಿಬಿಡುತ್ತದೆ. ಹಾಗಾಗಿ ಹೋಸ್ಟ್ ಲ್ಯಾಬ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ನನ್ನ ಪ್ರಯೋಗಕ್ಕೆ ಬೇಕಾದ ಮುಖ್ಯ ಉಪಕರಣ ಅಲ್ಲಿ ಇದೆಯೇ, ಇದ್ದರೆ ವಾರಕ್ಕೆ ಎಷ್ಟು ದಿನ ಸಿಗುತ್ತದೆ ಅನ್ನುವುದು. ವೆಬ್‌ಸೈಟಿನ ಉಪಕರಣ ಪಟ್ಟಿಯನ್ನು ನಂಬಬೇಡಿ. ಪಟ್ಟಿಯಲ್ಲಿರುವ ಲೇಸರ್ ಇನ್ನೊಬ್ಬರ ಪ್ರಾಜೆಕ್ಟಿಗೆ ಕಟ್ಟಿಹಾಕಿರುವುದು ಎಲ್ಲ ಲ್ಯಾಬಿನಲ್ಲೂ ಇದ್ದದ್ದೇ.

ಅರ್ಹತೆಯಲ್ಲಿ ಮೂರು ಗೆರೆಗಳು. ಕೊನೆಯ ದಿನಾಂಕದೊಳಗೆ ಪಿಎಚ್‌ಡಿ ಆಗಿರಬೇಕು. ಪದವಿ ಪ್ರದಾನ ಆಗಿರದಿದ್ದರೂ ವೈವಾ ಮುಗಿಸಿ ಪಾಸಾಗಿದ್ದರೆ 2025ರ ನಿಯಮದಲ್ಲಿ ನಡೆಯುತ್ತದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಥೀಸಿಸ್ ಕೊಟ್ಟು ವೈವಾಗೆ ತಿಂಗಳುಗಟ್ಟಲೆ ಕಾಯಬೇಕಾಗುವುದರಿಂದ, ಸೆಪ್ಟೆಂಬರಿನ ಗಡುವಿಗೆ ಹಾಕುವವರು ಪರೀಕ್ಷಕರ ವರದಿಗಳ ಬೆನ್ನು ಹತ್ತುವುದನ್ನು ಹಿಂದಿನ ಡಿಸೆಂಬರಿನಲ್ಲೇ ಶುರು ಮಾಡಬೇಕು. ಎರಡನೆಯದು, ಪಿಎಚ್‌ಡಿ ನಂತರ ಸಂಶೋಧನೆಯಲ್ಲಿ ಕಳೆದ ಕಾಲ 8 ವರ್ಷ ಮೀರಿರಬಾರದು. ಸಂಶೋಧನೆಯಲ್ಲದ ಕೆಲಸ, ಹೆರಿಗೆ ಮುಂತಾದ ಬಿಡುವುಗಳನ್ನು ಇದರಿಂದ ಕಳೆಯುತ್ತಾರೆ, ದಾಖಲೆ ಇರಬೇಕು. ಮೂರನೆಯದೇ ಜನ ಎಡವುವ ಮೊಬಿಲಿಟಿ ನಿಯಮ: ಗಡುವಿಗೆ ಹಿಂದಿನ 36 ತಿಂಗಳಲ್ಲಿ ಹೋಸ್ಟ್ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಲೆಕ್ಕ ದೇಶಕ್ಕೆ, ಊರಿಗಲ್ಲ. ಯೆನಾದಲ್ಲಿ ಪಿಎಚ್‌ಡಿ ಮಾಡಿ ಈಗಷ್ಟೇ ಮುಗಿಸಿದವರು ಎರ್ಲಾಂಗೆನ್‌ನ ಮ್ಯಾಕ್ಸ್ ಪ್ಲಾಂಕ್ ಬೆಳಕಿನ ವಿಜ್ಞಾನ ಸಂಸ್ಥೆಗೆ ಹಾಕಲು ಬರುವುದಿಲ್ಲ, ಎರಡೂ ಜರ್ಮನಿ. ಬೆಂಗಳೂರಿನಿಂದ ಆರು ತಿಂಗಳ ಮಟ್ಟಿಗೆ ಬಾರ್ಸಿಲೋನಾ ಪಕ್ಕದ ಫೋಟಾನಿಕ್ಸ್ ಸಂಸ್ಥೆ ಇಕ್‌ಫೋಗೆ ಹೋಗಿ ಬಂದವರು ಮತ್ತೆ ಅಲ್ಲಿಗೇ ಹಾಕಲು ಅಡ್ಡಿಯಿಲ್ಲ.

ಪೈಪೋಟಿ ಜೋರು. 2024ರ ಕರೆಗೆ 10,360 ಅರ್ಜಿ ಬಂದು 1,696 ಮಂದಿಗೆ ಸಿಕ್ಕಿತು. 2025ರಲ್ಲಿ ಅರ್ಜಿಗಳು 17,058ಕ್ಕೆ ಏರಿದವು, ಇಟ್ಟ ಹಣ ಮಾತ್ರ ಏರಲಿಲ್ಲ. ಫೋಟಾನಿಕ್ಸ್‌ನವರು ಕೇಳುವ ಮಾಮೂಲಿ ಪ್ರಶ್ನೆ, ಭೌತವಿಜ್ಞಾನದ ಪ್ಯಾನೆಲ್‌ಗೆ ಹಾಕುವುದೋ ಎಂಜಿನಿಯರಿಂಗ್‌ಗೆ ಹಾಕುವುದೋ, ಯಾವುದು ಸಲೀಸು ಅಂತ. ಎರಡೂ ಒಂದೇ. ಬಂದ ಅರ್ಜಿಗಳ ಅನುಪಾತದಲ್ಲೇ ಪ್ಯಾನೆಲ್‌ಗಳಿಗೆ ಹಣ ಹಂಚುತ್ತಾರೆ. ನೋಡಬೇಕಾದ್ದು ಓದುವವರು ಯಾರು ಅನ್ನುವುದನ್ನು. ನಾನ್‌ಲೀನಿಯರ್ ಆಪ್ಟಿಕ್ಸ್, ಕ್ವಾಂಟಮ್ ಬೆಳಕು, ಅಲ್ಟ್ರಾಫಾಸ್ಟ್ ಲೇಸರ್ ಭೌತವಿಜ್ಞಾನಕ್ಕೆ ಒಗ್ಗುತ್ತದೆ. ಚಿಪ್ಪು, ಫೈಬರ್ ಸಂವಹನ, ಸೆನ್ಸರ್ ಎಂಜಿನಿಯರಿಂಗ್‌ಗೆ. ಅರ್ಜಿಯಲ್ಲಿ ಆರಿಸುವ ಕೀವರ್ಡ್‌ಗಳನ್ನು ನೋಡಿಯೇ ಪರೀಕ್ಷಕರನ್ನು ಹುಡುಕುವುದರಿಂದ, ಕೊನೇ ಗಳಿಗೆಯಲ್ಲಿ ಅವನ್ನು ಗೀಚಿ ಹಾಕುವುದು ದುಬಾರಿ ಬೀಳುತ್ತದೆ.

ಅಂಕಗಳ ಹಂಚಿಕೆ ಎಕ್ಸಲೆನ್ಸ್‌ಗೆ 50, ಇಂಪ್ಯಾಕ್ಟ್‌ಗೆ 30, ಅನುಷ್ಠಾನಕ್ಕೆ 20. ಒಂದೊಂದಕ್ಕೂ 5ಕ್ಕೆ ದಶಮಾಂಶದಲ್ಲಿ ಅಂಕ. 4.7, 4.6, 4.5 ಬಂದರೆ ಒಟ್ಟು 92.6. ಗೆಲ್ಲುವ ಗೆರೆ ಸಾಮಾನ್ಯವಾಗಿ 90ರ ಮೇಲೇ ಇರುವುದರಿಂದ, ಒಂದು ಭಾಗದಲ್ಲಿ ಅರೆಮನಸ್ಸಿನಿಂದ ಬರೆದ ಎರಡು ಪ್ಯಾರಾ ಸಾಕು ಹೊರಗುಳಿಯಲು. ಮುಖ್ಯ ಭಾಗ ಬಿ1ಕ್ಕೆ 10 ಪುಟ ಮಿತಿ, ಕೆಲಸದ ವೇಳಾಪಟ್ಟಿ ತೋರಿಸುವ ಗ್ಯಾಂಟ್ ಚಾರ್ಟ್ ಕೂಡ ಅದರೊಳಗೇ. ಹನ್ನೊಂದನೇ ಪುಟ ಪರೀಕ್ಷಕರಿಗೆ ಕಾಣುವುದೇ ಇಲ್ಲ.

ಇನ್ನು ಫೋಟಾನಿಕ್ಸ್‌ನವರಿಗೇ ಮೀಸಲಾದ ಗುಂಡಿ. ಚಿಪ್ಪಿನ ಮೇಲೆ ಕೆಲಸ ಮಾಡುವವರ ಗ್ಯಾಂಟ್ ಚಾರ್ಟ್‌ಗಳಲ್ಲಿ ಆರನೇ ತಿಂಗಳಿಗೆ ಚಿಪ್ ಕೈಗೆ ಬಂದು, ಹನ್ನೆರಡಕ್ಕೆ ಎರಡನೇ ಸರದಿ, ಹದಿನೆಂಟಕ್ಕೆ ಮೂರನೆಯದು ಅಂತ ಬರೆದಿರುತ್ತದೆ. ಆಗುವ ಮಾತಲ್ಲ. ಹಲವರ ವಿನ್ಯಾಸಗಳನ್ನು ಒಂದೇ ವೇಫರ್ (ಸಿಲಿಕಾನ್ ಬಿಲ್ಲೆ) ಮೇಲೆ ಹಂಚಿಕೊಂಡು ಮಾಡಿಸುವ ಮಲ್ಟಿ ಪ್ರಾಜೆಕ್ಟ್ ವೇಫರ್ ಸರದಿಗಳು ಚಿಪ್ ತಯಾರಿಸುವ ಫೌಂಡ್ರಿಯಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು. ಲೇಔಟ್ ಬರೆದು, ಡಿಸೈನ್ ರೂಲ್ ಚೆಕ್ ಪಾಸ್ ಮಾಡಿಸಲು ಎರಡು ಮೂರು ತಿಂಗಳು. ಟೇಪ್‌ಔಟ್ ಆಗಿ, ಅಂದರೆ ಕೊನೆಯ ವಿನ್ಯಾಸ ಫೌಂಡ್ರಿಗೆ ಹೋಗಿ, ಚಿಪ್ ಬರಲು ಸುಮಾರಾಗಿ ಆರರಿಂದ ಒಂಬತ್ತು ತಿಂಗಳು. ಫೈಬರ್ ಅಂಟಿಸಿ ಪ್ಯಾಕೇಜ್ ಮಾಡಿಸುವುದಾದರೆ ಇನ್ನೂ ಒಂದೆರಡು. ಅಳತೆ ಶುರುವಾಗುವ ಹೊತ್ತಿಗೆ ಫೆಲೋಶಿಪ್ಪಿನ ಅರ್ಧ ಕಳೆದಿರುತ್ತದೆ. ಅದರಲ್ಲಿ ಫೈಬರ್‌ನಿಂದ ಚಿಪ್ಪಿಗೆ ಬೆಳಕು ಹಾಯಿಸುವ ಗ್ರೇಟಿಂಗ್ ಕಪ್ಲರ್‌ನ ತರಂಗದೂರ 20 ನ್ಯಾನೊಮೀಟರ್ ಜರುಗಿ ನಿಮ್ಮ ಲೇಸರಿನ ವ್ಯಾಪ್ತಿಯಿಂದ ಆಚೆ ಹೋಯಿತೆಂದರೆ ಉಳಿದ ಅರ್ಧವೂ ಹೋಯಿತು. ಒಂದೊಂದು ಕಪ್ಲರ್ 4 ಡಿಬಿ (ಡೆಸಿಬೆಲ್) ಬೆಳಕು ತಿಂದರೆ ಒಳಗೆ ಹೊರಗೆ ಸೇರಿ 8 ಡಿಬಿ ಮೊದಲೇ ಖೋತಾ. ಒಂಟಿ ಫೋಟಾನ್‌ಗಳ ಪ್ರಯೋಗಕ್ಕೆ ಇದು ಸಾಯುವ ಪೆಟ್ಟು. ಆದರೂ ನಷ್ಟದ ಈ ಲೆಕ್ಕ ಒಂದು ಸಾಲಿನಲ್ಲೂ ಇಲ್ಲದ ಪ್ರಸ್ತಾವಗಳು ಬರುತ್ತಲೇ ಇರುತ್ತವೆ.

ಇದಕ್ಕೆ ಪರಿಹಾರ ಎರಡು ದಾರಿ ಇಟ್ಟುಕೊಳ್ಳುವುದು. ಹೋಸ್ಟ್ ಗುಂಪು ಹಿಂದಿನ ಸರದಿಯಲ್ಲಿ ಮಾಡಿಸಿದ ಚಿಪ್ಪುಗಳಲ್ಲೇ ಮೊದಲ ಆರು ತಿಂಗಳ ಅಳತೆ ಮುಗಿಸಿ, ಆ ಹೊತ್ತಿನಲ್ಲಿ ಹೊಸ ವಿನ್ಯಾಸವನ್ನು ಟೇಪ್‌ಔಟ್‌ಗೆ ಕಳಿಸಬೇಕು. ಜೊತೆಗೆ ಮುಖ್ಯ ರಚನೆಯ ಚಿಕ್ಕ ರೂಪವೊಂದನ್ನು ಅಲ್ಲಿನ ಇ-ಬೀಮ್ (ಎಲೆಕ್ಟ್ರಾನ್ ಕಿರಣದ) ಯಂತ್ರದಲ್ಲಿ ಬರೆಸಬೇಕು. ವಾರಗಳಲ್ಲಿ ಕೈಗೆ ಬರುತ್ತದೆ, ಬೆಳಕು ಹರಿಯುವ ಉದ್ದನೆಯ ವೇವ್‌ಗೈಡ್‌ಗಳಲ್ಲಿ ತುಂಡು ತುಂಡು ಸೇರುವ ಕಡೆ ಸ್ಟಿಚಿಂಗ್ ದೋಷ ಬಂದರೂ ತತ್ವ ಸಾಬೀತಾಗುತ್ತದೆ. ಅಪಾಯಗಳ ಕೋಷ್ಟಕದಲ್ಲಿ ‘ತಡವಾದರೆ ವೇಳಾಪಟ್ಟಿ ಪರಿಷ್ಕರಿಸುತ್ತೇವೆ’ ಅಂತ ಬರೆಯುವುದೂ ಬರೆಯದಿರುವುದೂ ಒಂದೇ. ‘ಟೇಪ್‌ಔಟ್ ತಪ್ಪಿದರೆ 9ನೇ ತಿಂಗಳಿಂದ ಇ-ಬೀಮ್ ಮಾದರಿ, ಸಂಸ್ಥೆಯ ಕ್ಲೀನ್‌ರೂಮ್, ಇಷ್ಟು ಗಂಟೆ ಕಾದಿರಿಸಿದೆ’ ಅಂದರೆ ಅಂಕ ಬೀಳುತ್ತದೆ. ಕ್ಲೀನ್‌ರೂಮ್ ಪ್ರವೇಶ, ಲೇಸರ್ ಸುರಕ್ಷತೆ ತರಬೇತಿ, ಯಂತ್ರ ಯಂತ್ರಕ್ಕೂ ಬೇರೆ ಅನುಮತಿ ಇವಕ್ಕೇ ಮೊದಲ ಎರಡು ತಿಂಗಳು ಹೋಗುತ್ತದೆಂದು ಚಾರ್ಟ್‌ನಲ್ಲೇ ತೋರಿಸಿ. ಕೆಲಸ ಗೊತ್ತಿರುವವರು ಬರೆದದ್ದು ಅಂತ ಓದುವವರಿಗೆ ಅಲ್ಲೇ ತಿಳಿಯುತ್ತದೆ.

ಇನ್ನೊಂದು ಸಿಕ್ಕು ಓಪನ್ ಸೈನ್ಸ್. ದತ್ತಾಂಶ, ಲೇಔಟ್ ಕಡತ ಎಲ್ಲ ಜೆನೋಡೋ ಎಂಬ ಮುಕ್ತ ಜಾಲತಾಣದಲ್ಲಿ ಹಾಕುತ್ತೇನೆ ಅಂತ ಬರೆದುಬಿಡುತ್ತಾರೆ. ಫೌಂಡ್ರಿಯ ಡಿಸೈನ್ ಕಿಟ್ ಗೌಪ್ಯತೆ ಒಪ್ಪಂದದ ಕೆಳಗೆ ಬರುವುದರಿಂದ ಆ ಲೇಔಟ್ ಹೊರಗೆ ಹಾಕುವಂತಿಲ್ಲ. ಅಳತೆಯ ದತ್ತಾಂಶ, ಸಿಮ್ಯುಲೇಶನ್ ಕೋಡ್ ಮುಕ್ತ, ಕಿಟ್‌ನ ಭಾಗಗಳನ್ನು ಕಪ್ಪುಪೆಟ್ಟಿಗೆಯಾಗಿ ಬಿಟ್ಟ ಲೇಔಟ್ ಮಾತ್ರ ಮುಕ್ತ ಅಂತ ಬಿಡಿಸಿ ಹೇಳಿದರೆ ಸರಿ. ಲಿಂಗ ಆಯಾಮದ ಬಗ್ಗೆಯೂ ಒಂದು ಕಡೆ ಕೇಳುತ್ತಾರೆ. ಸಿಲಿಕಾನ್ ವೇವ್‌ಗೈಡ್‌ಗೆ ಅದು ಯಾಕೆ ಅನ್ವಯಿಸುವುದಿಲ್ಲ ಅಂತ ಒಂದು ಸಾಲು ಸಾಕು. ಚರ್ಮದ ಮೂಲಕ ಬೆಳಕು ಹಾಯಿಸಿ ಅಳೆಯುವ ಸೆನ್ಸರ್ ಆದರೆ ಹಾಗೆ ತೇಲಿಸಬಾರದು, ಹೆಂಗಸರು ಗಂಡಸರು, ತಿಳಿ ಬಣ್ಣದ, ಕಪ್ಪು ಬಣ್ಣದ ಚರ್ಮ ಎಲ್ಲದರ ಮೇಲೂ ಹೇಗೆ ಪರೀಕ್ಷಿಸುತ್ತೀರಿ ಅಂತ ಬರೆಯಬೇಕು.

ತರಬೇತಿಯ ಭಾಗ ಈ ಫೆಲೋಶಿಪ್ಪಿನ ನಿಜವಾದ ಬಂಡವಾಳ. ನಮ್ಮ ಕಡೆಯ ಅರ್ಜಿಗಳು ಸೊರಗುವುದೂ ಇಲ್ಲೇ. ‘ಹೋಸ್ಟ್‌ನಲ್ಲಿ ನ್ಯಾನೊಫ್ಯಾಬ್ರಿಕೇಶನ್ ಕಲಿಯುತ್ತೇನೆ’ ಅನ್ನುವುದು ಯಾರು ಬೇಕಾದರೂ ಬರೆಯುವ ಸಾಲು. ಯಾವ ಯಂತ್ರ, ಯಾರ ಹತ್ತಿರ, ಎಷ್ಟನೇ ತಿಂಗಳು, ಕಲಿತದ್ದು ಯಾವ ಕೆಲಸಕ್ಕೆ ಬಳಕೆ ಅನ್ನುವುದು ಬೇಕು. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಇರಬೇಕೆಂದು ಕೇಳುವುದರಿಂದ ನೀವು ಏನು ಕಲಿಸುತ್ತೀರಿ ಅನ್ನುವುದನ್ನೂ ಸಂಕೋಚ ಬಿಟ್ಟು ಬರೆಯಿರಿ. ಅಲ್ಟ್ರಾಶಾರ್ಟ್ ಪಲ್ಸ್ ಅಳೆಯುವ ಸೆಟಪ್ ಸ್ವಂತವಾಗಿ ಕಟ್ಟಿದ ಅನುಭವ ಅಲ್ಲಿನ ಚಿಪ್ ಗುಂಪಿಗೆ ದೊಡ್ಡ ಆಸ್ತಿ. ಆಯ್ಕೆಯಾದ ಮೇಲೆ ಕರಿಯರ್ ಡೆವಲಪ್‌ಮೆಂಟ್ ಪ್ಲಾನ್ ಬರೆದು ಸಲ್ಲಿಸಬೇಕು. ಅದನ್ನು ಗೈಡ್ ಜೊತೆ ಕೂತು ಬರೆದವರಿಗೆ ಉಪಯೋಗ ಉಂಟು. ಟೆಂಪ್ಲೇಟ್ ತುಂಬಿಸಿ ಕಳಿಸಿದರೆ ಅದು ಇನ್ನೊಂದು ಫಾರಂ.

ಸೆಕೆಂಡ್‌ಮೆಂಟ್ ಎಂಬ ಸೌಲಭ್ಯವನ್ನು ಬಳಸದೆ ಬಿಡುವುದು ಪೆದ್ದುತನ. ಒಟ್ಟು ಅವಧಿಯ ಮೂರನೇ ಒಂದು ಭಾಗದವರೆಗೆ, ಅಂದರೆ 24 ತಿಂಗಳಿಗೆ 8 ತಿಂಗಳು, ಜಗತ್ತಿನ ಎಲ್ಲಿಗಾದರೂ ಹೋಗಿ ಕೆಲಸ ಮಾಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದ ಕ್ಲೀನ್‌ರೂಮೂ ಲೆಕ್ಕಕ್ಕೆ ಬರುತ್ತದೆ. ಆದರೆ ಬಂದ ಊರಿಗೇ ವಾಪಸ್ ಹೋಗುವ ಸೆಕೆಂಡ್‌ಮೆಂಟ್ ಕಂಡರೆ ಪರೀಕ್ಷಕರ ಹುಬ್ಬೇರುತ್ತದೆ, ಅಲ್ಲಿ ಮಾತ್ರ ಆಗುವ ಕೆಲಸ ಅಂತ ತೋರಿಸಬೇಕು. ಇದಲ್ಲದೆ ಫೆಲೋಶಿಪ್ ಮುಗಿದ ಮೇಲೆ ಹೆಚ್ಚುವರಿ 6 ತಿಂಗಳವರೆಗೆ ಕಂಪನಿಯಂಥ ಶೈಕ್ಷಣಿಕೇತರ ಕಡೆ ಪ್ಲೇಸ್‌ಮೆಂಟ್ ಕೇಳಬಹುದು. ಅದು ಯುರೋಪ್ ಒಕ್ಕೂಟದ ಅಥವಾ ಹೊರೈಜನ್‌ಗೆ ಸೇರಿಕೊಂಡ ದೇಶದಲ್ಲಿರಬೇಕು, ಅರ್ಜಿಯಲ್ಲೇ ಕೇಳಿ ಕಂಪನಿಯ ಒಪ್ಪಿಗೆ ಪತ್ರ ಇಡಬೇಕು. ಆಮೇಲೆ ಸೇರಿಸಲು ಆಗುವುದಿಲ್ಲ. ಫೋಟಾನಿಕ್ಸ್‌ನಲ್ಲಿ ಕೆಲಸಗಳು ಹೆಚ್ಚಿರುವುದು ಕಂಪನಿಗಳಲ್ಲೇ ಆದ್ದರಿಂದ, ಪ್ರೊಫೆಸರ್ ಆಗುವುದೊಂದೇ ಗುರಿಯಲ್ಲದವರಿಗೆ ಈ ಆರು ತಿಂಗಳು ಉಳಿದ ಇಪ್ಪತ್ತನಾಲ್ಕಕ್ಕಿಂತ ಹೆಚ್ಚು ಕೆಲಸ ಕೊಟ್ಟೀತು.

ಹೋಸ್ಟ್ ಹುಡುಕುವವರು ಇಕ್‌ಫೋ, ಗೆಂಟ್, ಐಂಡ್‌ಹೋವನ್, ಸೌತಾಂಪ್ಟನ್ ಇವುಗಳ ಬಾಗಿಲಲ್ಲೇ ಸಾಲು ನಿಲ್ಲುತ್ತಾರೆ. ಲಿಥುವೇನಿಯಾದ ವಿಲ್ನಿಯಸ್ ಕಡೆಗೂ ನೋಡಿ ಅನ್ನುವುದು ನಮ್ಮ ಸಲಹೆ. ಅಲ್ಲಿನ ವಿಶ್ವವಿದ್ಯಾಲಯದ ಲೇಸರ್ ಸಂಶೋಧನಾ ಕೇಂದ್ರ ಹಳೆಯದು, ಲೈಟ್ ಕನ್ವರ್ಷನ್, ಎಕ್ಸ್‌ಪ್ಲಾದಂಥ ಲೇಸರ್ ತಯಾರಕರು ಅದೇ ಊರಿನಲ್ಲಿದ್ದಾರೆ. ಪ್ಲೇಸ್‌ಮೆಂಟ್‌ಗೆ ಬೇರೆ ಊರು ಹುಡುಕಬೇಕಿಲ್ಲ. ಮೇಲಾಗಿ ಲಿಥುವೇನಿಯಾ, ಪೋರ್ಚುಗಲ್, ಪೋಲೆಂಡ್ ಮುಂತಾದ ‘ವೈಡನಿಂಗ್’ (ಸಂಶೋಧನೆಯಲ್ಲಿ ಇನ್ನೂ ಮೇಲೆ ಬರಬೇಕೆಂದು ಒಕ್ಕೂಟ ಗುರುತಿಸಿದ) ದೇಶಗಳ ಹೋಸ್ಟ್ ಇಟ್ಟು ಹಾಕಿದ ಅರ್ಜಿ ಮುಖ್ಯ ಪಟ್ಟಿಯಲ್ಲಿ ಸೋತರೆ ಇಆರ್‌ಎ ಫೆಲೋಶಿಪ್ ಎಂಬ ಎರಡನೇ ಪಟ್ಟಿಯಲ್ಲಿ ಅದೇ ಅಂಕದ ಮೇಲೆ ಅವಕಾಶ ಉಂಟು. ಅರ್ಜಿಯಲ್ಲಿ ಅದಕ್ಕೊಂದು ಪ್ರಶ್ನೆ ಇರುತ್ತದೆ, ಓದದೆ ದಾಟಬೇಡಿ. ಬ್ರಿಟನ್ 2024ರ ಜನವರಿಯಿಂದ ಹೊರೈಜನ್‌ಗೆ ಮರಳಿದೆ, ಆದರೆ ಅಲ್ಲಿಗೆ ಹೋಗುವ ಭಾರತೀಯರು ಈ ಬಗೆಯ ವಿಷಯಗಳಿಗೆ ವೀಸಾಕ್ಕೆ ಮುಂಚೆ ಏಟಾಸ್ ಎಂಬ ಭದ್ರತಾ ಅನುಮತಿ ಪಡೆಯಬೇಕಾಗುತ್ತದೆ. ಅದಕ್ಕೂ ಕಾಲ ಇಟ್ಟುಕೊಳ್ಳಿ.

ಹೋಸ್ಟ್‌ಗೆ ಮೊದಲ ಇಮೇಲ್ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಬೇಕು. ಹಲವು ಸಂಸ್ಥೆಗಳು ಏಪ್ರಿಲ್, ಮೇ ಹೊತ್ತಿಗೆ ತಮ್ಮೊಳಗೇ ಆಯ್ಕೆ ಮುಗಿಸಿ, ಆಯ್ದವರಿಗೆ ಬರವಣಿಗೆಯ ಕಾರ್ಯಾಗಾರ ನಡೆಸುತ್ತವೆ. ಜುಲೈಯಲ್ಲಿ ಬರೆದರೆ ಯುರೋಪು ರಜೆಯಲ್ಲಿರುತ್ತದೆ. ಪೋರ್ಟಲ್‌ನಲ್ಲಿ ಅರ್ಜಿ ತೆರೆಯುವುದು ಗೈಡ್ ಕಡೆಯಿಂದ, ನಿಮಗೆ ಪ್ರವೇಶ ಅವರು ಕೊಡಬೇಕು. ಇದನ್ನು ಜೂನ್‌ನಲ್ಲೇ ಮಾಡಿಸಿ. ಹೆಸರಿನ ಮುಂದೆ ಊರು, ತಂದೆಯ ಇನಿಶಿಯಲ್ ಇರುವ ನಮ್ಮವರಿಗೆ ಒಂದು ಕಿವಿಮಾತು: ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ಸಂಶೋಧಕರ ಗುರುತಿನ ಸಂಖ್ಯೆ ಕೊಡುವ ಆರ್ಕಿಡ್‌ನಲ್ಲಿ ಒಂದು ರೀತಿ, ಪ್ರಬಂಧಗಳಲ್ಲಿ ಇನ್ನೊಂದು ರೀತಿ ಇದ್ದರೆ ವೀಸಾ, ಒಪ್ಪಂದ, ಬ್ಯಾಂಕ್ ಖಾತೆ ಮೂರೂ ಕಡೆ ಕಾಡುತ್ತದೆ. ಮೊದಲೇ ಒಂದೇ ರೂಪಕ್ಕೆ ತನ್ನಿ.

ಎರಡು ವರ್ಷದ ಫೆಲೋಶಿಪ್ಪಿಗೆ ಇನ್ನೂ ತಯಾರಿಲ್ಲದವರಿಗೆ ಚಿಕ್ಕವೂ ಇವೆ. ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಕಟ್ಟಿದ ಭೌತವಿಜ್ಞಾನ ಕೇಂದ್ರ ಐಸಿಟಿಪಿ ಪ್ರತಿ ಚಳಿಗಾಲ ಆಪ್ಟಿಕ್ಸ್ ಬಗ್ಗೆ ವಿಂಟರ್ ಕಾಲೇಜ್ ನಡೆಸುತ್ತದೆ. ಶುಲ್ಕವಿಲ್ಲ, ನಮ್ಮಂಥ ದೇಶದವರಿಗೆ ಸೀಮಿತವಾಗಿ ಖರ್ಚೂ ಕೊಡುತ್ತಾರೆ. ಅವರದೇ ಟ್ರಿಲ್ ಯೋಜನೆಯಲ್ಲಿ ಇಟಲಿಯ ಲ್ಯಾಬ್‌ಗಳಲ್ಲಿ ಕೆಲಸ ಮಾಡಬಹುದು. ಆಪ್ಟಿಕಾ ಸಂಘ 2014ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶುರು ಮಾಡಿದ ಸೀಗ್‌ಮನ್ ಲೇಸರ್ ಶಾಲೆ ಪಿಎಚ್‌ಡಿ ಮಾಡುತ್ತಿರುವವರಿಗೆ ಒಂದು ವಾರದ್ದು, ಪಾಠಕ್ಕಿಂತ ಪರಿಚಯಗಳು ದೊಡ್ಡ ಲಾಭ. ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ವಿಶ್ವವಿದ್ಯಾಲಯ ಮುನ್ನಡೆಸಿದ ಮಲ್ಟಿಪ್ಲೈನಂಥ, ಫೋಟಾನಿಕ್ಸ್‌ಗೇ ಮೀಸಲಾದ ಕೋಫಂಡ್ (ಒಕ್ಕೂಟ, ಸಂಸ್ಥೆ ಸೇರಿ ಹಣ ಹಾಕುವ) ಕಾರ್ಯಕ್ರಮಗಳು ಆಗಾಗ ಹುಟ್ಟಿ ಮುಗಿಯುತ್ತವೆ. ಇವುಗಳ ಪ್ರಕಟಣೆಗೆ ಯುರಾಕ್ಸೆಸ್ ಜಾಲತಾಣದ ಮೇಲೆ ಕಣ್ಣಿಟ್ಟಿರಿ.

ಫಲಿತಾಂಶ ಸಾಮಾನ್ಯವಾಗಿ ಫೆಬ್ರವರಿಯಲ್ಲಿ. 85 ಮತ್ತು ಮೇಲೆ ಬಂದೂ ಹಣ ಸಿಗದವರಿಗೆ ಸೀಲ್ ಆಫ್ ಎಕ್ಸಲೆನ್ಸ್ ಕೊಡುತ್ತಾರೆ. ಕಾಗದವಷ್ಟೇ ಅಂತ ಎಸೆಯಬೇಡಿ, ಕೆಲವು ದೇಶಗಳು ಅದನ್ನು ನೋಡಿಯೇ ತಮ್ಮ ಹಣದಿಂದ ಕರೆಸಿಕೊಳ್ಳುತ್ತವೆ. 70ಕ್ಕಿಂತ ಕೆಳಗೆ ಬಂದವರು ಮುಂದಿನ ವರ್ಷ ಅದೇ ಸಂಸ್ಥೆಯ ಜೊತೆ ಮತ್ತೆ ಹಾಕುವಂತಿಲ್ಲ ಅನ್ನುವುದು 2025ರ ಕರೆಯಲ್ಲಿದ್ದ ನಿಯಮ. ನಡುವೆ ಉಳಿದವರು ಪರೀಕ್ಷಕರ ಟಿಪ್ಪಣಿಯಲ್ಲಿ ‘ಸಾಕಷ್ಟು ವಿವರಿಸಿಲ್ಲ’ ಅಂತಿರುವ ಸಾಲುಗಳನ್ನಷ್ಟೇ ಎತ್ತಿ ಬರೆದುಕೊಂಡು, ಮೊದಲು ಅವಕ್ಕೆ ಉತ್ತರ ಕೊಡುವ ಹಾಗೆ ತಿದ್ದಬೇಕು. ಮುಂದಿನ ವರ್ಷದ ಪರೀಕ್ಷಕರು ಬೇರೆಯವರಾಗಿರಬಹುದು, ಹೊಗಳಿದ್ದ ಭಾಗವನ್ನೇ ಅವರು ತೆಗಳಬಹುದು. ಅದಕ್ಕೆ ಇಡೀ ಅರ್ಜಿಯನ್ನು ಫೋಟಾನಿಕ್ಸ್ ಗೊತ್ತಿಲ್ಲದ ಒಬ್ಬ ಎಂಜಿನಿಯರ್ ಕೈಗೆ ಕೊಟ್ಟು ಓದಿಸಿ. ಅವರು ಎರಡನೇ ಪುಟದಲ್ಲಿ ನಿಂತುಬಿಟ್ಟರೆ ಆ ಪುಟದಿಂದಲೇ ಮತ್ತೆ ಬರೆಯಲು ಶುರು ಮಾಡಿ.